ಬೋರ್‌ವೆಲ್ ನೀರು ಕಪ್ಪಾಗುತ್ತಿದ್ದರೆ ಎಲ್ಲಿ ಹುಡುಕಬೇಕು: ಒಂದು ಹೋಂಸ್ಟೇ ಫಿಲ್ಟರಿನ ಕಥೆ ಸಮೇತ

ಜುಲೈ ಕೊನೆಯ ವಾರ, ಬಿಡದೆ ಮಳೆ. ವಿರಾಜಪೇಟೆ ಕಡೆಯ ಒಂದು ಹೋಂಸ್ಟೇಯಿಂದ ಫೋನ್ ಬಂತು. "ನೋಡಪ್ಪ, ಹೋದ ವರ್ಷ ಅಷ್ಟು ದುಡ್ಡು ಸುರಿದು ಫಿಲ್ಟರ್ ಹಾಕಿಸಿದ್ದೀನಿ. ಈಗ ಗೆಸ್ಟ್‌ಗಳು ಬಿಳಿ ಟವೆಲ್ ತಂದು ತೋರಿಸ್ತಾರೆ. ಮಸಿ ಒರೆಸಿದ ಹಾಗಿದೆ. ನಾನೇನು ಹೇಳಲಿ ಅವರಿಗೆ?"

ನಾನು ಗೋಣಿಕೊಪ್ಪದಲ್ಲಿ ಪಂಪ್, ಫಿಲ್ಟರ್ ರಿಪೇರಿ ಮಾಡುವವನು. ಆ ಫಿಲ್ಟರ್ ಹಾಕಿದ್ದು ನಾನಲ್ಲ, ಆದರೂ ಹೋದೆ. ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿದರೆ ಒಳಗೋಡೆ ಪೂರ್ತಿ ಕಪ್ಪು. ಬೆರಳಿಟ್ಟರೆ ಜಾರುತ್ತದೆ, ತೆಗೆದರೆ ಕಾಡಿಗೆ ಹಾಗೆ ಬೆರಳಿಗೆ ಅಂಟಿರುತ್ತದೆ. ಸಿಂಕಿನಲ್ಲಿ ನೀರು ಇಳಿಯುವ ದಾರಿಯುದ್ದಕ್ಕೂ ಡಿಕಾಕ್ಷನ್ ಬಣ್ಣದ ಗೆರೆ. ನಲ್ಲಿಯಿಂದ ಗ್ಲಾಸಿಗೆ ಹಿಡಿದ ನೀರು ಮಾತ್ರ ಒಳ್ಳೆ ತಿಳಿ.

"ಅಕ್ಕ, ಫಿಲ್ಟರ್ ಹಾಕೋಕೆ ಮೊದಲು ಹೇಗಿತ್ತು?" ಅಂತ ಕೇಳಿದೆ.

"ಕಲೆ ಆಗ್ತಿತ್ತು. ಇಷ್ಟು ಇರ್ಲಿಲ್ಲ."

ಆ "ಇಷ್ಟು ಇರ್ಲಿಲ್ಲ" ಅನ್ನುವ ಮಾತನ್ನು ನಾನು ಅವತ್ತು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಎಸ್ಟೇಟಿನಲ್ಲೋ ಮನೆಯಲ್ಲೋ ಇದೇ ತಕರಾರು ಇದ್ದರೆ ಮುಂದಿನದನ್ನು ಇದೇ ಕ್ರಮದಲ್ಲಿ ನೋಡಿಕೊಂಡು ಹೋಗಿ.

ಮೊದಲು, ಆ ಕಪ್ಪು ಏನು?

ಇಂಥ ಕಪ್ಪಿಗೆ ಸಾಮಾನ್ಯವಾಗಿ ಬೈಸಿಕೊಳ್ಳುವುದು ಮ್ಯಾಂಗನೀಸ್, ಮಣ್ಣು ಕಲ್ಲಿನಲ್ಲಿರುವ ಒಂದು ಲೋಹ. ಆದರೆ ಕಪ್ಪಾಗಿ ಕಂಡದ್ದೆಲ್ಲ ಅದಲ್ಲ. ನಾನು ಹೋದ ಕಡೆ ನಾಲ್ಕು ಬಗೆಯ ಕಪ್ಪು ನೋಡಿದ್ದೇನೆ. ಹಳೇ ವಾಷರ್, ರಬ್ಬರ್ ಪೈಪ್ ಸವೆದು ಬರುವ ಚೂರು. ಕಾರ್ಬನ್ ಕಾರ್ಟ್ರಿಜ್ ಒಡೆದು ಬರುವ ಪುಡಿ. ಗಾಳಿಯಾಡದ ಕೊಳಕಿನಲ್ಲಿ ಕಬ್ಬಿಣವೂ ಗಂಧಕವೂ ಸೇರಿ ಆಗುವ ಕಪ್ಪು ಕೆಸರು. ಕೊನೆಯದು ಮ್ಯಾಂಗನೀಸ್ ಡೈಆಕ್ಸೈಡ್, ಅಂದರೆ ಹಳೇ ಟಾರ್ಚ್ ಸೆಲ್ಲಿನೊಳಗೆ ತುಂಬಿರುತ್ತಿತ್ತಲ್ಲ, ಅದೇ ಕಪ್ಪು ಪುಡಿಯ ಮುಖ್ಯ ಸರಕು.

ಇವನ್ನು ಬೇರೆ ಮಾಡಲು ಲ್ಯಾಬ್ ಬೇಡ. ಮೆಡಿಕಲ್ ಶಾಪಿನಿಂದ ವಿಟಮಿನ್ ಸಿ ಮಾತ್ರೆ ತನ್ನಿ. ಒಂದನ್ನು ಪುಡಿ ಮಾಡಿ ಎರಡು ಚಮಚ ನೀರಿನಲ್ಲಿ ಕಲಸಿ. ಫ್ಲಶ್ ಟ್ಯಾಂಕಿನಿಂದ ಕೆರೆದ ಕಪ್ಪನ್ನು ಬಿಳಿ ತಟ್ಟೆಯಲ್ಲಿ ಹರಡಿ, ಮೇಲೆ ಈ ನೀರು ಬಿಡಿ. ಮ್ಯಾಂಗನೀಸ್ ಆಗಿದ್ದರೆ ನೋಡುತ್ತಿದ್ದ ಹಾಗೆ ಕಪ್ಪು ಕಂದಾಗುತ್ತದೆ, ಕಂದು ಹಳದಿಯಾಗುತ್ತದೆ, ಆಮೇಲೆ ತಟ್ಟೆಯ ಬಿಳಿ ಕಾಣುತ್ತದೆ. ಆ ಹೋಂಸ್ಟೇಯ ಅಡುಗೆಮನೆಯಲ್ಲಿ ಇದನ್ನು ಮಾಡಿದಾಗ ಅಕ್ಕ ಚಿತ್ರಾನ್ನಕ್ಕೆ ಇಟ್ಟಿದ್ದ ನಿಂಬೆಹಣ್ಣಿನ ಹೋಳನ್ನೇ ತೆಗೆದು ಸಿಂಕಿನ ಗೆರೆ ಮೇಲೆ ಉಜ್ಜಿ ನೋಡಿದರು. ಅದೂ ಹೋಯಿತು, ಸ್ವಲ್ಪ ನಿಧಾನ ಅಷ್ಟೆ. "ಕಾಚಂಪುಳಿ ಹಾಕಿದ್ರೆ?" ಅಂದರು, ನಮ್ಮ ಕೊಡಗಿನ ಅಡುಗೆಯ ಹುಳಿರಸ ಅದು. ಹುಳಿ ಏನೋ ಇದೆ, ಆದರೆ ಅದೇ ಕಪ್ಪು, ಕಲೆ ಹೋಯಿತೋ ಬಂತೋ ಗೊತ್ತಾಗಲ್ಲ ಅಂದೆ.

ರಬ್ಬರ್ ಚೂರಿಗೆ, ಕಾರ್ಬನ್ ಪುಡಿಗೆ ವಿಟಮಿನ್ ಸಿ ಏನೂ ಮಾಡುವುದಿಲ್ಲ. ಗಂಧಕದ ಕೆಸರಾದರೆ ಹುಳಿ ಬಿದ್ದ ಕೂಡಲೇ ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಕೆಲವರು ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ನೊರೆ ಬಂದರೆ ಮ್ಯಾಂಗನೀಸ್ ಅನ್ನುತ್ತಾರೆ. ನಾನು ಅದನ್ನು ನಂಬುವುದಿಲ್ಲ. ಲೋಳೆಯಲ್ಲಿರುವ ಬ್ಯಾಕ್ಟೀರಿಯಾಕ್ಕೂ ನೊರೆ ಬರುತ್ತದೆ, ಕಾರ್ಬನ್‌ಗೂ ಅಷ್ಟಿಷ್ಟು ಬರುತ್ತದೆ.

ಕಬ್ಬಿಣ ಎಷ್ಟು, ಮ್ಯಾಂಗನೀಸ್ ಎಷ್ಟು ಅನ್ನುವ ಅಂದಾಜಿಗೆ ರಾತ್ರಿ ಎರಡು ಬಿಳಿ ಬಕೆಟ್ ನೀರು ಹಿಡಿದಿಡಿ. ಒಂದಕ್ಕೆ ಒಂದು ಚಮಚ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ಇರುವ ಬ್ಲೀಚ್ ದ್ರಾವಣ) ಹಾಕಿ. ಹಾಕಿದ ತಕ್ಷಣ ಕೆಂಪು ಛಾಯೆ ಬಂದರೆ ಅದು ಕಬ್ಬಿಣ. ಬೆಳಗ್ಗೆ ಎದ್ದು ನೋಡುವಾಗ ಲೈಟ್ ಟೀ ಹಾಗೆ ಆಗಿ, ತಳದಲ್ಲಿ ಕಂದು ಕಪ್ಪು ಪುಡಿ ಕೂತಿದ್ದರೆ ಮ್ಯಾಂಗನೀಸ್. ಏನೂ ಹಾಕದ ಬಕೆಟ್ ದಿನಗಟ್ಟಲೆ ತಿಳಿಯಾಗಿಯೇ ಇರಬಹುದು. ನೀರಿನ ಪಿಎಚ್ (ಹುಳಿ ಅಳೆಯುವ ಸಂಖ್ಯೆ, 7ಕ್ಕಿಂತ ಕಡಿಮೆ ಇದ್ದರೆ ನೀರು ಹುಳಿ) 9 ದಾಟದಿದ್ದರೆ ಬರೀ ಗಾಳಿ ಮ್ಯಾಂಗನೀಸನ್ನು ಹೊರಗೆ ತರುವುದು ಬಹಳ ನಿಧಾನ. ನಾನು ಅಳೆದ ನಮ್ಮ ಕಡೆಯ ಬೋರ್‌ವೆಲ್‌ಗಳಲ್ಲಿ ಜಾಸ್ತಿ ಪಾಲು 6ರಿಂದ 7ರ ಒಳಗೇ ಇವೆ. ಹಾಗಾಗಿ "ಗ್ಲಾಸಿನಲ್ಲಿ ತಿಳಿಯಾಗಿದೆ ಅಲ್ವಾ, ಏನೂ ಇಲ್ಲ" ಅಂದರೆ ಒಪ್ಪಬೇಡಿ. ನೀರಿನಲ್ಲಿ ಕರಗಿದ್ದೆಲ್ಲ ಒಟ್ಟು ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸಿದರೂ ಒಪ್ಪಬೇಡಿ. ಟಿಡಿಎಸ್ 60 ಇರುವ ನೀರಿನಲ್ಲಿ ಅರ್ಧ ಮಿಲಿಗ್ರಾಂ ಮ್ಯಾಂಗನೀಸ್ ಇದ್ದರೆ ಆ ಮೀಟರಿಗೆ ಅದು ಕಾಣುವುದೇ ಇಲ್ಲ.

ಕರಗುವುದು ಒಂದು ಕಡೆ, ಕಾಣುವುದು ಇನ್ನೊಂದು ಕಡೆ

ಇದು ಗೊತ್ತಿಲ್ಲದೆ ಫಿಲ್ಟರ್ ಬದಲಿಸಿದವರು ಬಹಳ ಜನ. ಮ್ಯಾಂಗನೀಸ್‌ಗೆ ನೀರಿನಲ್ಲಿ ಎರಡು ಮುಖ. ಆಕ್ಸಿಜನ್ ಸಾಕಷ್ಟು ಸಿಕ್ಕ ಕಡೆ ಅದು ಕಪ್ಪು ಡೈಆಕ್ಸೈಡ್ ಆಗಿ ಕಲ್ಲಿಗೆ, ಮಣ್ಣಿಗೆ ಅಂಟಿಕೊಂಡು ಕೂರುತ್ತದೆ, ಕರಗುವುದಿಲ್ಲ. ಅದಕ್ಕೆ ಯಾರಾದರೂ ಎರಡು ಎಲೆಕ್ಟ್ರಾನ್ ಕೊಟ್ಟರೆ ಬಣ್ಣ ಕಳೆದುಕೊಂಡು ಸಕ್ಕರೆ ಹಾಗೆ ನೀರಿಗೆ ಇಳಿದುಬಿಡುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ಅಪಕರ್ಷಣೆ ಅನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಆ ಮಾತು ಯಾರೂ ಆಡುವುದಿಲ್ಲ, "ಕರಗಿತು" ಅನ್ನುತ್ತೇವೆ. ಮತ್ತೆ ಗಾಳಿ, ಕ್ಲೋರಿನ್ ಸಿಕ್ಕರೆ ವಾಪಸ್ ಕಪ್ಪು. ತಟ್ಟೆಯಲ್ಲಿ ವಿಟಮಿನ್ ಸಿ ಮಾಡಿದ ಕೆಲಸ ಇದೇ. ಎಲೆಕ್ಟ್ರಾನ್ ಕೊಟ್ಟು ಕರಗಿಸಿತು.

ಕುಲುಮೆಯಲ್ಲಿ ಈ ಕೆಲಸ ಇದ್ದಿಲಿನದು. 1774ರಲ್ಲಿ ಸ್ವೀಡನ್ನಿನ ಗಾನ್ ಎಂಬವರು ಕಪ್ಪು ಅದಿರನ್ನು ಇದ್ದಿಲಿನ ಜೊತೆ ಕಾಯಿಸಿಯೇ ಮೊದಲು ಮ್ಯಾಂಗನೀಸ್ ಲೋಹ ತೆಗೆದದ್ದು. ನಮ್ಮ ಸಂಡೂರಿನ ಅದಿರಿನ ಹಾಗಿರುವುದನ್ನು ಫೆರೋ ಮ್ಯಾಂಗನೀಸ್ (ಕಬ್ಬಿಣ ಬೆರೆತ ಮ್ಯಾಂಗನೀಸ್ ಲೋಹ) ಮಾಡಲು ಇವತ್ತಿಗೂ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬೇಕು. ಕುಲುಮೆಯ ಮೇಲ್ಭಾಗದಲ್ಲಿ ಇಂಗಾಲದ ಮಾನಾಕ್ಸೈಡ್ ಅನಿಲವೇ ಅದಿರಿನ ಆಕ್ಸಿಜನ್ನನ್ನು ಅರ್ಧಕ್ಕರ್ಧ ಕಿತ್ತುಕೊಳ್ಳುತ್ತದೆ. ಉಳಿದದ್ದು ಹಠಮಾರಿ, ಅದನ್ನು ಬಿಡಿಸಲು ಗಟ್ಟಿ ಇಂಗಾಲವೇ ಬೇಕು, ಶಾಖ 1400 ಡಿಗ್ರಿ ಆಸುಪಾಸು ಬೇಕು.

ಅದರ ಮೊದಲರ್ಧವನ್ನು ಮಣ್ಣಿನ ಬ್ಯಾಕ್ಟೀರಿಯಾ ತಣ್ಣಗೆ, ಬೆಂಕಿಯಿಲ್ಲದೆ ಮಾಡಿ ಮುಗಿಸುತ್ತದೆ. ಲೋಹ ಆಗುವ ತನಕ ಅದು ಹೋಗುವುದಿಲ್ಲ, ಕರಗುವ ಹಂತಕ್ಕೆ ತಂದು ಬಿಡುತ್ತದೆ. ಅಮೆರಿಕದ ಒನೈಡಾ ಕೆರೆಯ ತಳದ ಕೆಸರಿನಲ್ಲಿ ಸಿಕ್ಕ ಅಂಥ ಒಂದು ಬ್ಯಾಕ್ಟೀರಿಯಾದ ಬಗ್ಗೆ 1988ರಲ್ಲಿ ಮೈಯರ್ಸ್ ಮತ್ತು ನೀಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಬರೆದರು. ಈಗ ಅದಕ್ಕೆ ಆ ಕೆರೆಯದೇ ಹೆಸರು, ಶೆವನೆಲ್ಲಾ ಒನೈಡೆನ್ಸಿಸ್. ನಾವು ಅನ್ನ ತಿಂದು ಆಕ್ಸಿಜನ್ ಉಸಿರಾಡುತ್ತೇವೆ. ಇದು ಕೊಳೆತ ಎಲೆಯ ರಸ ತಿಂದು, ಆಕ್ಸಿಜನ್ ಇಲ್ಲದಿದ್ದರೆ ಮ್ಯಾಂಗನೀಸ್ ಡೈಆಕ್ಸೈಡನ್ನೇ ಉಸಿರಾಡುತ್ತದೆ. ಕಲ್ಲನ್ನು ಒಳಗೆ ಎಳೆದುಕೊಳ್ಳಲಾಗದು ಅಲ್ವಾ, ಅದಕ್ಕೆ ಎಲೆಕ್ಟ್ರಾನ್‌ಗಳನ್ನೇ ಮೈಯ ಹೊರಪೊರೆಯ ಪ್ರೋಟೀನುಗಳ ಮೂಲಕ ಹೊರಗೆ ಸಾಗಿಸಿ ಕಲ್ಲಿಗೆ ಒಪ್ಪಿಸುತ್ತದೆ.

ಇದರಲ್ಲಿ ಒಂದು ಸರದಿ ಇದೆ, ಅದು ನೆನಪಿದ್ದರೆ ಸಾಕು. ನೆಲದೊಳಗೆ ಮೊದಲು ಆಕ್ಸಿಜನ್ ಖಾಲಿಯಾಗುತ್ತದೆ. ಆಮೇಲೆ ನೈಟ್ರೇಟ್. ಆಮೇಲೆ ಮ್ಯಾಂಗನೀಸ್ ಕರಗುತ್ತದೆ. ಅದರ ಹಿಂದೆ ಕಬ್ಬಿಣ. ಅದೂ ಮುಗಿದರೆ ಸಲ್ಫೇಟ್ ಹೋಗಿ ಕೊಳೆತ ಮೊಟ್ಟೆ ವಾಸನೆ. ಅಂದರೆ ನಿಮ್ಮ ನೀರಿನಲ್ಲಿ ಬರೀ ಮ್ಯಾಂಗನೀಸ್ ಇದ್ದು ಕಬ್ಬಿಣ ಕಡಿಮೆ ಇದ್ದರೆ ತೊಂದರೆ ಇನ್ನೂ ಶುರುವಿನಲ್ಲಿದೆ. ವಾಸನೆ ಬರುತ್ತಿದ್ದರೆ ಮೇಲೆಲ್ಲೋ ಕೊಳೆಯುವ ಸರಕು ಬಹಳ ಇದೆ.

ಯಾವ ತಿಂಗಳಲ್ಲಿ ಶುರುವಾಯಿತು?

ನಾನು ಮೊದಲು ಕೇಳುವ ಪ್ರಶ್ನೆ ಇದು. ಜನ ಸರಿಯಾಗಿಯೇ ನೆನಪಿಟ್ಟಿರುತ್ತಾರೆ, ಪುತ್ತರಿಗೆ ಮೊದಲು, ಕೈಲ್‌ಪೋದ್ ಆದ ಮೇಲೆ ಅಂತ ಹಬ್ಬದ ಲೆಕ್ಕದಲ್ಲಿ.

ಜನವರಿಯಿಂದ ಮಾರ್ಚ್ ಒಳಗೆ ಶುರುವಾಗಿದ್ದರೆ ನಾನು ಸೀದಾ ಪಲ್ಪರ್ ಹೌಸ್ ಕಡೆ ನಡೆಯುತ್ತೇನೆ. ಕಾಫಿ ಹಣ್ಣು ಪಲ್ಪ್ ಮಾಡಿದ ನೀರಿನಲ್ಲಿ ಸಕ್ಕರೆ, ಲೋಳೆ ತುಂಬಿರುತ್ತದೆ. ಅದರ ಬಿಓಡಿ, ಅಂದರೆ ಕೊಳೆಯುವಾಗ ಅದು ನುಂಗುವ ಆಕ್ಸಿಜನ್, ಲೀಟರಿಗೆ ಸಾವಿರಗಟ್ಟಲೆ ಮಿಲಿಗ್ರಾಂ. ಒಳ್ಳೆಯ ಹೊಳೆ ನೀರಿನಲ್ಲಿ ಅದು ಎರಡೋ ಮೂರೋ ಇರುತ್ತದೆ. ಸಿಮೆಂಟ್ ಹಾಕದ ಮಣ್ಣಿನ ಗುಂಡಿಗೆ ಅದನ್ನು ಬಿಟ್ಟರೆ ಗುಂಡಿಯ ಕೆಳಗಿನ ನೆಲದ ಆಕ್ಸಿಜನ್ ಪೂರ್ತಿ ನುಂಗಿ ಹಾಕುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಮ್ಯಾಂಗನೀಸ್‌ಗೇನು ಬರವಿಲ್ಲ. ಇಳಿಜಾರಿನಲ್ಲಿ ಕೆಳಗಡೆ ಬೋರ್ ಇದ್ದರೆ ಮುಗಿಯಿತು.

ಜೂನ್‌ನಿಂದ ಸೆಪ್ಟೆಂಬರ್ ಆದರೆ ನೆಲ ನೆನೆದು ಗಾಳಿ ನಿಂತದ್ದು ಕಾರಣ. ಗದ್ದೆ ಬದಿಯ ಬಾವಿ, ತೋಡಿನ ಪಕ್ಕದ ಕಡಿಮೆ ಆಳದ ಬೋರ್ ಇದಕ್ಕೆ ಸಿಗುತ್ತವೆ. ನಾಟಿ ಆದ ಗದ್ದೆಯಲ್ಲಿ ನೀರು ನಿಂತು ಒಂದೆರಡು ವಾರಕ್ಕೆ ಮಣ್ಣಿನ ಮ್ಯಾಂಗನೀಸ್ ಕರಗಲು ಶುರು. ಇಂಥದ್ದು ನವೆಂಬರ್ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅದಕ್ಕೆ ದೊಡ್ಡ ಫಿಲ್ಟರ್ ಹಾಕಿಸುವುದು ದಂಡ ಅಂತ ನನ್ನ ಅಭಿಪ್ರಾಯ. ಬೋರಿನ ಕೇಸಿಂಗ್ ಪೈಪ್ ನೆಲದಿಂದ ಎತ್ತರಕ್ಕೆ ಏರಿಸಿ, ಮೇಲಿನ ನೀರು ಬೋರಿಗೆ ಇಳಿಯದ ಹಾಗೆ ಅದರ ಸುತ್ತ ಕಾಂಕ್ರೀಟ್ ಹಾಕಿಸಿದರೆ ಅರ್ಧ ಸರಿ ಹೋಗುತ್ತದೆ.

ವರ್ಷಪೂರ್ತಿ ಒಂದೇ ಸಮ ಇದ್ದರೆ ಆಳದ ಬಂಡೆ ನೀರಿನದೇ ಗುಣ, ಇಲ್ಲವೇ ಹತ್ತಿರದಲ್ಲೊಂದು ಟಾಯ್ಲೆಟ್ ಗುಂಡಿ. ಎರಡನೆಯದಾದರೆ ಮ್ಯಾಂಗನೀಸ್ ಪಕ್ಕಕ್ಕಿಡಿ, ಮೊದಲು ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿ.

ಮೂರು ಬಾಟಲಿ

ಇಷ್ಟೆಲ್ಲ ತಿಳಿದಿದ್ದೂ ಆ ಹೋಂಸ್ಟೇಯಲ್ಲಿ ನಾನು ತಪ್ಪು ದಾರಿ ಹಿಡಿದೆ. ಬೋರಿನ ಮೇಲ್ಗಡೆ ಪಲ್ಪರ್ ಗುಂಡಿ ಕಂಡಿತು. ಪಲ್ಪರ್ ನಿಂತು ತಿಂಗಳುಗಳಾಗಿದ್ದವು, ಆದರೆ ಗುಂಡಿಯಲ್ಲಿ ಹಳೇ ಸಿಪ್ಪೆ ರಾಶಿ, ಅದರ ಮೇಲೆ ಮಳೆ ನೀರು ತುಂಬಿ ಕರ್ರಗೆ ನಿಂತಿತ್ತು. ಕಳ್ಳ ಸಿಕ್ಕಿದ ಅಂದುಕೊಂಡೆ. ಗುಂಡಿ ಖಾಲಿ ಮಾಡಿಸಿ ಅಂತ ಹೇಳಿ ಬಂದೆ. ಮೇಸ್ತ್ರಿ ಆ ಮಳೆಯಲ್ಲಿ ನಾಲ್ಕು ಜನರನ್ನು ಹಚ್ಚಿ ಎರಡು ದಿನ ಸಿಪ್ಪೆ ಎತ್ತಿಸಿದರು. ಟವೆಲ್ ಕಪ್ಪಾಗುವುದು ನಿಲ್ಲಲಿಲ್ಲ.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೂರು ಬಾಟಲಿ ತುಂಬಿಸಿದೆ. ಒಂದು ಬೋರಿನ ಬಾಯಿಯಲ್ಲಿ, ಫಿಲ್ಟರಿಗೆ ಹೋಗುವ ಮೊದಲು. ಇನ್ನೊಂದು ಫಿಲ್ಟರ್ ದಾಟಿದ ಕೂಡಲೇ. ಮತ್ತೊಂದು ಅಡುಗೆಮನೆ ನಲ್ಲಿಯಲ್ಲಿ. ಪಂಪ್ 20 ನಿಮಿಷ ಓಡಿದ ಮೇಲೆ ಒಂದು ಸಲ, ಬೆಳಗ್ಗೆ ಸ್ವಿಚ್ ಹಾಕಿದ ಮೊದಲ ನೀರಿನಲ್ಲಿ ಇನ್ನೊಂದು ಸಲ. ಹನಿ ಹಾಕಿದರೆ ಬಣ್ಣ ಬರುವ ಮ್ಯಾಂಗನೀಸ್ ಕಿಟ್ ನನ್ನ ಹತ್ತಿರ ಇತ್ತು.

ಬೆಳಗಿನ ಮೊದಲ ನೀರಿನಲ್ಲಿ, ಫಿಲ್ಟರ್‌ಗೆ ಹೋಗುವುದಕ್ಕಿಂತ ಫಿಲ್ಟರ್‌ನಿಂದ ಬರುವುದರಲ್ಲಿ ಬಣ್ಣ ಹೆಚ್ಚು ಗಾಢ. ಕಿಟ್ ಹಾಳಾಗಿದೆಯೇನೋ ಅಂತ ಮತ್ತೆ ಮಾಡಿದೆ. ಅದೇ. ಸುಮಾರು ದುಪ್ಪಟ್ಟು. 20 ನಿಮಿಷ ಓಡಿದ ಮೇಲೆ ಎರಡೂ ಹೆಚ್ಚುಕಡಿಮೆ ಸಮ.

ಮ್ಯಾಂಗನೀಸ್ ತೆಗೆಯಲು ಕೂರಿಸಿದ ಫಿಲ್ಟರೇ ಮ್ಯಾಂಗನೀಸ್ ಬಿಡುತ್ತಿತ್ತು.

ನಿಮ್ಮಲ್ಲಿ ಹೀಗೆ ನೋಡಿದಾಗ ಬೋರಿನ ಬಾಯಲ್ಲೇ ಜಾಸ್ತಿ, ಕೆಳಗೆ ಬರಬರುತ್ತಾ ಕಡಿಮೆ ಅಂತಾದರೆ ಫಿಲ್ಟರ್ ಬದುಕಿದೆ, ಶಕ್ತಿ ಸಾಲದು. ಫಿಲ್ಟರ್ ದಾಟಿದ್ದು ಚೆನ್ನಾಗಿದ್ದು ನಲ್ಲಿಯಲ್ಲಿ ಮಾತ್ರ ಕಪ್ಪು ಇದ್ದರೆ ಟ್ಯಾಂಕ್, ಪೈಪ್ ಒಳಗಿನ ಹಳೇ ಪದರ ಕಿತ್ತು ಬರುತ್ತಿದೆ. ಪಂಪ್ ಹಾಕಿದಾಗ, ಒತ್ತಡ ಏರಿದಾಗ ಮಾತ್ರ ಕಪ್ಪು ಚೂರು ಬಂದರೂ ಅದೇ ಅರ್ಥ. ಲ್ಯಾಬಿಗೆ ಕಳಿಸುವುದಾದರೆ ಒಂದು ಬಾಟಲಿಯ ನೀರನ್ನು ಅಲ್ಲೇ 0.45 ಮೈಕ್ರಾನ್ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ, ಇನ್ನೊಂದನ್ನು ಸೋಸದೆ ಕಳಿಸಿ. ಎರಡಕ್ಕೂ ಲ್ಯಾಬಿನವರು ಕೊಡುವ ನೈಟ್ರಿಕ್ ಆಸಿಡ್ ಹನಿ ಬೀಳಲೇಬೇಕು, ಇಲ್ಲದಿದ್ದರೆ ದಾರಿಯಲ್ಲೇ ಮ್ಯಾಂಗನೀಸ್ ಬಾಟಲಿಗೆ ಅಂಟಿಕೊಂಡು ರಿಪೋರ್ಟ್ ಸುಳ್ಳಾಗುತ್ತದೆ. ಸೋಸಿದ್ದರಲ್ಲೂ ಅಷ್ಟೇ ಬಂದರೆ ಕರಗಿದ ಮ್ಯಾಂಗನೀಸ್, ಸೋಸಿದ್ದರಲ್ಲಿ ಇಳಿದರೆ ಚೂರು.

ಫಿಲ್ಟರ್ ಯಾಕೆ ತಿರುಗಿ ಬೀಳುತ್ತದೆ?

ಐರನ್ ರಿಮೂವಲ್ ಫಿಲ್ಟರ್ ಅಂತ ಮಾರುವ ಎಷ್ಟೋ ಎಫ್‌ಆರ್‌ಪಿ ವೆಸೆಲ್‌ಗಳಲ್ಲಿ (ಗಟ್ಟಿ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ) ಇರುವ ಮೀಡಿಯಾ, ಅಂದರೆ ಒಳಗೆ ತುಂಬಿದ ಕಾಳು, ಮ್ಯಾಂಗನೀಸ್ ಡೈಆಕ್ಸೈಡೇ, ಇಲ್ಲವೇ ಅದರ ಲೇಪ ಕೊಟ್ಟ ಮರಳು. ಕರಗಿ ಬಂದ ಮ್ಯಾಂಗನೀಸ್ ಈ ಕಪ್ಪು ಮೈಗೆ ಬಂದು ಅಂಟುತ್ತದೆ. ನೀರಿನಲ್ಲಿ ಕ್ಲೋರಿನ್ ಇದ್ದರೆ ಅಂಟಿದ್ದನ್ನು ಅದು ಅಲ್ಲೇ ಕಪ್ಪಾಗಿಸಿ ಹೊಸ ಪದರ ಮಾಡುತ್ತದೆ, ಮುಂದಿನದಕ್ಕೆ ಜಾಗ ಸಿದ್ಧ. ಕ್ಲೋರಿನ್ ನಿಂತರೆ ಕೆಲವು ದಿನಕ್ಕೆ ಅಂಟಲು ಜಾಗ ಮುಗಿಯುತ್ತದೆ, ಬಂದದ್ದು ಬಂದ ಹಾಗೆ ದಾಟುತ್ತದೆ. ಇಷ್ಟು ನನಗೆ ಮೊದಲೇ ಗೊತ್ತಿತ್ತು.

ಇನ್ನೂ ನಿಂತರೆ ಏನಾಗುತ್ತದೆ ಅನ್ನುವುದನ್ನು ಅಲ್ಲಿ ಕಣ್ಣಾರೆ ಕಂಡೆ. ವೆಸೆಲ್ಲಿನ ಮೇಲಿನ ವಾಲ್ವ್ ಬಿಚ್ಚಿ ಒಂದು ಹಿಡಿ ಮೀಡಿಯಾ ತೆಗೆದೆ. ಜೌಗು ಗದ್ದೆಯ ವಾಸನೆ. ಕಾಳುಗಳ ನಡುವೆ ಬೆಂಡೆಕಾಯಿ ಲೋಳೆ ಹಾಗೆ ಎಳೆ. ತೊಳೆದು ಅಂಗೈಯಲ್ಲಿ ಹರಡಿ ಟಾರ್ಚ್ ಬಿಟ್ಟು ನೋಡಿದರೆ, ಕರ್ರಗೆ ಮಿನುಗಬೇಕಿದ್ದ ಕಾಳುಗಳಲ್ಲಿ ಎಷ್ಟೋ ಬೋಳು. ಲೇಪ ಹೋಗಿ ಒಳಗಿನ ಮಾಸಲು ಮರಳು ಕಾಣುತ್ತಿತ್ತು, ಮೂಲೆ ತಿಂದ ಹಾಗೆ.

ಹುಡುಕುತ್ತಾ ಹೋದರೆ ಕಥೆ ಬಿಚ್ಚಿಕೊಂಡಿತು. ಹೈಪೋ ಹಾಕುವ ಡೋಸಿಂಗ್ ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು. ಟಕ್ ಟಕ್ ಸದ್ದು ಬರುತ್ತಿತ್ತು, ಲೈಟ್ ಮಿನುಗುತ್ತಿತ್ತು, ಹನಿ ಮಾತ್ರ ಹೋಗುತ್ತಿರಲಿಲ್ಲ. ಹೈಪೋ ಕ್ಯಾನ್ ಹೋದ ಬೇಸಿಗೆಯದು, ತಗಡಿನ ಶೆಡ್ಡಿನಲ್ಲಿ ಬೆಂದು ಸತ್ವ ಕಳೆದುಕೊಂಡಿತ್ತು. ಮಳೆಗಾಲದಲ್ಲಿ ವೋಲ್ಟೇಜ್ ಕಡಿಮೆ, ನೀರನ್ನು ಕೆಳಗಿಂದ ಮೇಲಕ್ಕೆ ಜೋರಾಗಿ ಬಿಟ್ಟು ಕೊಳೆ ತೊಳೆಯುವ ಬ್ಯಾಕ್‌ವಾಶ್‌ಗೆ ಬೇಕಾದ ಜೋರು ಪಂಪಿಗೆ ಸಿಗುತ್ತಿರಲಿಲ್ಲ. ಈ ಮೀಡಿಯಾ ಬಹಳ ಭಾರ, ಮೆಲ್ಲನೆ ಬಿಟ್ಟ ನೀರಿಗೆ ಅದು ಅಲುಗಾಡುವುದೂ ಇಲ್ಲ. ಸಾಲದ್ದಕ್ಕೆ ಗಾಳಿಗೆ ಮರ ಬಿದ್ದು ಎಂಟು ಹತ್ತು ದಿನ ಕರೆಂಟ್ ಇಲ್ಲದೆ ಹೋಂಸ್ಟೇ ಮುಚ್ಚಿತ್ತು. ವೆಸೆಲ್ಲಿನಲ್ಲಿ ನಿಂತ ನೀರು, ಪಲ್ಪರ್ ಗುಂಡಿಯಿಂದ ಇಳಿದು ಬಂದ ಕೊಳೆಯ ರಸ, ಕ್ಲೋರಿನ್ ಇಲ್ಲ, ಆಕ್ಸಿಜನ್ ಮುಗಿದಿದೆ. ಉಸಿರಾಡಲು ಉಳಿದದ್ದೇನು? ಮೀಡಿಯಾದ ಮೇಲಿನ ಡೈಆಕ್ಸೈಡ್. ಒನೈಡಾ ಕೆರೆಯ ತಳದಲ್ಲಿ ನಡೆದದ್ದೇ ಇಲ್ಲಿ ಪ್ಲಾಸ್ಟಿಕ್ ಡ್ರಮ್ಮಿನೊಳಗೆ ನಡೆಯುತ್ತಿತ್ತು. ಹಾಗಾಗಿಯೇ ಬೆಳಗಿನ ಮೊದಲ ನೀರಿನಲ್ಲಿ ಜಾಸ್ತಿ. ರಾತ್ರಿಯಿಡೀ ಕರಗಿದ್ದು ಬೆಳಗ್ಗೆ ಟ್ಯಾಂಕಿಗೆ.

ಪಲ್ಪರ್ ಗುಂಡಿ ನಿರಪರಾಧಿ ಅಲ್ಲ ಅಂತ ಆಯಿತು. ಆದರೆ ಅವತ್ತಿನ ಟವೆಲ್‌ಗೆ ಕಾರಣ ಡ್ರಮ್ಮು.

ಕ್ಲೋರಿನ್ ಕಿಟ್ ಹೇಳಿದ ಸುಳ್ಳು

"ಕ್ಲೋರಿನ್ ಇಲ್ಲ ಅಂತೀಯಲ್ಲ, ಹುಡುಗ ವಾರ ವಾರ ಟೆಸ್ಟ್ ಮಾಡ್ತಾನೆ, ಹಳದಿ ಬರ್ತದೆ" ಅಂದರು ಅಕ್ಕ. ಬುಕ್ ತಂದು ತೋರಿಸಿದರು. ಪ್ರತಿ ಸೋಮವಾರ ಟಿಕ್.

ಈ ಬಲೆಗೆ ನಾನೂ ಹಿಂದೆ ಬಿದ್ದಿದ್ದೇನೆ. ಹನಿ ಹಾಕಿದರೆ ಹಳದಿ ಬರುವ ಓಟಿಓ ಕಿಟ್ ಕ್ಲೋರಿನ್ನನ್ನು ಮಾತ್ರ ಗುರುತು ಹಿಡಿಯುವುದಿಲ್ಲ. ಕಪ್ಪಾದ ಮ್ಯಾಂಗನೀಸ್‌ಗೂ ಹಳದಿ ತೋರಿಸುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಗೂ ಇದೇ ದೋಷ. ಹುಡುಗ ಪಾಪ ಟ್ಯಾಂಕಿನ ತಳದ ನಲ್ಲಿಯಿಂದ ನೀರು ಹಿಡಿಯುತ್ತಿದ್ದ. ಅದರಲ್ಲಿ ಸಣ್ಣ ಕಪ್ಪು ಕಣಗಳು ತೇಲುತ್ತಿದ್ದವು. ಮ್ಯಾಂಗನೀಸ್ ಜಾಸ್ತಿಯಾದಷ್ಟೂ ಕ್ಲೋರಿನ್ ಚೆನ್ನಾಗಿದೆ ಅಂತ ಕಿಟ್ ಹೇಳುತ್ತಿತ್ತು.

ಪರೀಕ್ಷೆ ಸುಲಭ. ನೀರನ್ನು ಕಾಫಿ ಸೋಸುವ ಪೇಪರ್ ಫಿಲ್ಟರನ್ನು ಎರಡು ಮಡಿಕೆ ಮಾಡಿ ಅದರಲ್ಲಿ ಸೋಸಿ, ಆಮೇಲೆ ಹನಿ ಹಾಕಿ. ಸೋಸದ ನೀರಿನಲ್ಲಿ ಹಳದಿ, ಸೋಸಿದ್ದರಲ್ಲಿ ಬಣ್ಣವೇ ಇಲ್ಲ ಅಂದರೆ ಅದು ಕ್ಲೋರಿನ್ ಅಲ್ಲ. ನಾವು ಹಾಗೆ ಮಾಡಿದಾಗ ಸೋಸಿದ ಗ್ಲಾಸ್ ಬರೀ ನೀರು. ಹುಡುಗನ ಮುಖ ಸಣ್ಣದಾಯಿತು. ನಿನ್ನ ತಪ್ಪಲ್ಲ ಮಾರಾಯ, ಪ್ಯಾಕೆಟ್ ಮೇಲೆ ಇದನ್ನು ಯಾರೂ ಬರೆಯಲ್ಲ ಅಂದೆ. ಇನ್ನು ಮೇಲೆ ಫಿಲ್ಟರ್ ದಾಟಿದ ತಕ್ಷಣದ ನಲ್ಲಿಯಲ್ಲೇ ಹಿಡಿ ಅಂತ ಹೇಳಿದೆ.

ರಿಪೇರಿ

ಡೋಸಿಂಗ್ ಪಂಪಿನ ಗಾಳಿ ತೆಗೆದು, ಕ್ಯಾನಿನ ತಳದಲ್ಲಿರುವ ಫುಟ್ ವಾಲ್ವ್ ತೊಳೆದೆ. ಹೊಸ ಹೈಪೋ ತರಿಸಿದೆ, ಒಂದು ತಿಂಗಳಿಗಾಗುವಷ್ಟು ಮಾತ್ರ. ಕ್ಯಾನ್ ನೆರಳಿಗೆ ಬಂತು.

ಎಷ್ಟು ಹಾಕಬೇಕು ಅನ್ನುವ ಲೆಕ್ಕ ಹೀಗೆ. ಒಂದು ಮಿಲಿಗ್ರಾಂ ಮ್ಯಾಂಗನೀಸ್‌ಗೆ 1.29 ಮಿಲಿಗ್ರಾಂ ಕ್ಲೋರಿನ್ ಬೇಕು, ಒಂದು ಮಿಲಿಗ್ರಾಂ ಕಬ್ಬಿಣಕ್ಕೆ 0.64. ಲೀಟರಿಗೆ ಅರ್ಧ ಮಿಲಿಗ್ರಾಂ ಮ್ಯಾಂಗನೀಸ್, ಒಂದು ಮಿಲಿಗ್ರಾಂ ಕಬ್ಬಿಣ ಇದ್ದರೆ ಎರಡೂ ಸೇರಿ 1.3 ಆಸುಪಾಸು. ಫಿಲ್ಟರ್ ದಾಟಿದ ಮೇಲೂ ಅರ್ಧ ಮಿಲಿಗ್ರಾಂ ಉಳಿಯಬೇಕು. ಅಲ್ಲಿಗೆ ಲೀಟರಿಗೆ 1.8. ದಿನಕ್ಕೆ 2000 ಲೀಟರ್ ಖರ್ಚಾದರೆ 3.6 ಗ್ರಾಂ ಕ್ಲೋರಿನ್, ಅಂದರೆ 10 ಪರ್ಸೆಂಟ್ ಹೈಪೋ 36 ಎಂಎಲ್. ಕೊಳೆಯ ರಸ ಇರುವ ನೀರು ಇದಕ್ಕಿಂತ ಜಾಸ್ತಿ ನುಂಗುತ್ತದೆ. ಲೆಕ್ಕದಿಂದ ಶುರು ಮಾಡಿ, ಉಳಿಕೆ ನೋಡಿ ಏರಿಸುತ್ತಾ ಹೋಗಬೇಕು. ಕುಡಿಯುವ ನಲ್ಲಿಗೆ ಆಮೇಲೆ ಒಂದು ಕಾರ್ಬನ್ ಇಟ್ಟರೆ ಕ್ಲೋರಿನ್ ವಾಸನೆ ಹೋಗುತ್ತದೆ.

ಮೀಡಿಯಾಕ್ಕೆ ಮೊದಲು ವೋಲ್ಟೇಜ್ ಇರುವ ಹೊತ್ತು ನೋಡಿ ಬ್ಯಾಕ್‌ವಾಶ್. ಬೆಳಗಿನ ಜಾವ ಐದಕ್ಕೆ ಮಾಡಿದೆವು. ಮೊದಲು ಬಂದದ್ದು ಲೋಳೆ, ಆಮೇಲೆ ಮಸಿ ನೀರು, ಅರ್ಧ ಗಂಟೆಗೆ ತಿಳಿಯಾಯಿತು. ಆಮೇಲೆ ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಇರುವ ನೀರು ತುಂಬಿಸಿ ರಾತ್ರಿಯಿಡೀ ಬಿಟ್ಟು, ಮರುದಿನ ಮತ್ತೆ ತೊಳೆದೆ. ಬೋಳಾದ ಕಾಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಕೊಟ್ಟು ಲೇಪ ಎಬ್ಬಿಸಬಹುದು. ಒಂದು ಮಿಲಿಗ್ರಾಂ ಮ್ಯಾಂಗನೀಸ್‌ಗೆ ಅದು 1.92 ಮಿಲಿಗ್ರಾಂ ಬೇಕಾಗುತ್ತದೆ. ಹೆಚ್ಚಾದರೆ ನಲ್ಲಿಯಲ್ಲಿ ಗುಲಾಬಿ ನೀರು ಬಂದು ಗೆಸ್ಟ್‌ಗಳು ಓಡಿ ಹೋಗುತ್ತಾರೆ. ನಾನು ಆ ಗೋಜಿಗೆ ಹೋಗದೆ ಮೇಲಿನ ಮೂರನೇ ಒಂದು ಪಾಲು ಮೀಡಿಯಾ ಬದಲಿಸಿದೆ. ಪಿಎಚ್ 6.3 ಇತ್ತು, ಅದಕ್ಕೆ ಫಿಲ್ಟರಿಗಿಂತ ಮೊದಲು ಒಂದು ಸಣ್ಣ ವೆಸೆಲ್ಲಿನಲ್ಲಿ ಸುಣ್ಣದಕಲ್ಲಿನ ಚಿಪ್ಸ್ ಇಟ್ಟು 7ರ ಹತ್ತಿರ ತಂದೆ. ಹುಳಿ ನೀರಿನಲ್ಲಿ ಈ ಮೀಡಿಯಾ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ.

ಒಂದು ಮಾತು ಮೊದಲೇ ಹೇಳಿಟ್ಟಿರಿ: ಕ್ಲೋರಿನ್ ವಾಪಸ್ ಬಂದ ಮೊದಲ ವಾರ ಮನೆಯೊಳಗೆ ಕಪ್ಪು ಇನ್ನೂ ಜಾಸ್ತಿ ಕಾಣುತ್ತದೆ. ಪೈಪಿನಲ್ಲಿ ಕರಗಿ ಕೂತದ್ದೆಲ್ಲ ಒಟ್ಟಿಗೆ ಗಟ್ಟಿಯಾಗಿ ಬರುತ್ತದೆ. ಟ್ಯಾಂಕ್ ತೊಳೆಸಿ, ಪ್ರತಿ ಲೈನಿನ ಕೊನೆಯ ನಲ್ಲಿ ತೆರೆದು ಹರಿಯಬಿಡಿ.

ಕಲೆ ತೆಗೆಯುವಾಗ ಜೋಪಾನ

ಮ್ಯಾಂಗನೀಸ್ ಕಲೆಗೆ ಬ್ಲೀಚ್ ಹಾಕಿದರೆ ಕಲೆ ಇನ್ನೂ ಕಪ್ಪಾಗಿ ಕೂರುತ್ತದೆ. ಬೇಕಾದದ್ದು ಅದರ ಉಲ್ಟಾ ಗುಣದ ವಸ್ತು. ಬಟ್ಟೆಗೆ ವಿಟಮಿನ್ ಸಿ ಅಥವಾ ನಿಂಬೆರಸ, ನೆಲದ ಟೈಲ್ಸ್‌ಗೆ ಆಕ್ಸಾಲಿಕ್ ಆಸಿಡ್. ಎರಡನೆಯದು ವಿಷ, ಕೈಗೆ ಗ್ಲೌಸ್ ಇರಲಿ, ಮಕ್ಕಳಿಂದ ದೂರ ಇಡಿ.

ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ ಬೇಡವೇ ಬೇಡ. ಮ್ಯಾಂಗನೀಸ್ ಡೈಆಕ್ಸೈಡ್ ಮೇಲೆ ಆ ಆಸಿಡ್ ಬಿದ್ದರೆ ಹೊರಬರುವುದು ಕ್ಲೋರಿನ್ ಅನಿಲ. 1774ರಲ್ಲಿ ಶೀಲೆ ಎಂಬ ಸ್ವೀಡನ್ನಿನ ರಸಾಯನಜ್ಞರು ಕ್ಲೋರಿನ್ ಕಂಡುಹಿಡಿದದ್ದೇ ಈ ಎರಡನ್ನು ಬೆರೆಸಿ. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ನೀವು ಅದನ್ನು ಮತ್ತೆ ಕಂಡುಹಿಡಿಯಬೇಕಾಗಿಲ್ಲ. ಆಸಿಡ್ ಜೊತೆ ಬ್ಲೀಚ್ ಬೆರೆಸಿದರೂ ಇದೇ ಗತಿ.

ಕುಡಿಯಬಹುದಾ?

ಎಲ್ಲರೂ ಕೇಳುವುದು ಇದನ್ನೇ. ನಮ್ಮ ದೇಶದ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 0.3 ತನಕ. ವಿಶ್ವ ಆರೋಗ್ಯ ಸಂಸ್ಥೆ ಮೊದಲು 0.4 ಅನ್ನುತ್ತಿತ್ತು, 2021ರಲ್ಲಿ ತಾತ್ಕಾಲಿಕವಾಗಿ 0.08ಕ್ಕೆ ಇಳಿಸಿತು. ಬಾಟಲಿ ಹಾಲು ಕುಡಿಯುವ ಕೂಸುಗಳನ್ನು ಮನಸ್ಸಿನಲ್ಲಿಟ್ಟು ಆ ಸಂಖ್ಯೆ ಹಾಕಿದ್ದು. ಹಾಗಾಗಿ ಪುಟ್ಟ ಮಗು ಇರುವ ಮನೆಯಾದರೆ ರಿಪೇರಿ ಆಗುವ ತನಕ ಹಾಲಿನ ಪುಡಿಗೆ ಬೇರೆ ನೀರು ಬಳಸಿ. ಕುದಿಸಿದರೆ ಮ್ಯಾಂಗನೀಸ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ದಟ್ಟವಾಗುತ್ತದೆ.

ಆಗಸ್ಟ್ ಮೂರನೇ ವಾರ ಮತ್ತೆ ಹೋಗಿ ಮೂರು ಬಾಟಲಿ ಹಿಡಿದೆ. ಬೋರಿನ ನೀರಿನಲ್ಲಿ ಬಣ್ಣ ಮೊದಲಿನಷ್ಟೇ. ಫಿಲ್ಟರ್ ದಾಟಿದ್ದರಲ್ಲಿ, ಬೆಳಗಿನ ಮೊದಲ ನೀರಿನಲ್ಲೂ, ಕಿಟ್ಟಿಗೆ ಏನೂ ಸಿಗಲಿಲ್ಲ. ಸೋಸಿದ ಗ್ಲಾಸಿನಲ್ಲಿ ಹಳದಿ ಬಂತು, ಹುಡುಗನೇ ಮಾಡಿ ತೋರಿಸಿದ. ಪಲ್ಪರ್ ಗುಂಡಿಯನ್ನು ಬೋರಿನ ಇನ್ನೊಂದು ಬದಿಗೆ, ಇಳಿಜಾರಿನ ಕೆಳಕ್ಕೆ ಹಾಕಿ ಸಿಮೆಂಟ್ ಮಾಡಿಸುವುದು ಅಂತ ಮಾತಾಗಿದೆ. ಮಳೆ ಬಿಟ್ಟ ಮೇಲೆ ಕೆಲಸ. ಆ ಹೊಸ ಜಾಗದ ಕೆಳಗೆ ಲೈನ್ ಮನೆಯವರ (ತೋಟದ ಕೆಲಸಗಾರರ) ತೆರೆದ ಬಾವಿ ಇದೆ, ಅದರಿಂದ ಎಷ್ಟು ದೂರ ಅಂತ ಟೇಪ್ ಹಿಡಿದು ನೋಡಬೇಕು ಅಂತ ಮೇಸ್ತ್ರಿಗೆ ಹೇಳಿ ಬಂದಿದ್ದೇನೆ. ಹಣ್ಣು ಕೊಯ್ಲು ಶುರುವಾಗುವುದಕ್ಕೆ ಮೊದಲು ಆ ಬಾವಿಯದೂ ಒಂದು ಬಾಟಲಿ ಹಿಡಿದು ಬರೆದಿಡಬೇಕು.